ಮರದ ಪುಟ್ಟ ಬೂಟು: ಮೂತಿ ಮಾತ್ರ ಕಪ್ಪಾಯ್ತು, ಅಟ್ಟೆ ಅಂಚು ಉದುರ್ತು, ಯಾಕೆ?

ಚಕ್ಕೆಪುಡಿ:
ಎಲ್ರಿಗೂ ನಮಸ್ಕಾರ. ಶೋಕೇಸಲ್ಲಿ ಇಡೋ ತರದ ಸಣ್ಣ ಮರದ ಬೂಟು ಕೆತ್ತೋಕೆ ನಾಲ್ಕೈದು ತಿಂಗಳಿಂದ ಶುರು ಮಾಡಿದೀನಿ. ಲೇಸ್ ಕಟ್ಟೋ ಹಳೇ ಕೆಲಸದ ಬೂಟು ಇರುತ್ತಲ್ಲ ಅದೇ ಆಕಾರ, ಎತ್ತರ 4 ಇಂಚು, ಉದ್ದ ಮೂರೂವರೆ, ಮರ ಬಾಸ್‌ವುಡ್ (ಕೆತ್ತೋಕೆ ಸುಲಭವಾದ ಮೆದು, ತಿಳಿ ಬಣ್ಣದ ಮರ), ನಾರು ಕೆಳಗಿಂದ ಮೇಲಕ್ಕೆ ಬರೋ ಹಾಗೆ ಇಟ್ಕೊಂಡಿದ್ದೆ. ಮೊದಲನೇದು ಸುಮಾರಾಗಿತ್ತು, ಎರಡನೇದರಲ್ಲಿ ನಿಜವಾಗ್ಲೂ ಬೂಟಿನ ರೂಪ ಬಂತು, ತುಂಬಾ ಖುಷಿಯಾಗಿತ್ತು, ಆದ್ರೆ ಕೊನೇಲಿ ಎರಡು ಕಡೆ ಕೆಟ್ಟೋಯ್ತು.

ಒಂದು, ಕಂದು ಸ್ಟೇನ್ (ಮರದೊಳಗೆ ಇಳಿಯೋ ತೆಳು ಬಣ್ಣ) ಹಚ್ಚಿದ ತಕ್ಷಣ ಮೂತಿಯ, ಅಂದ್ರೆ ಕಾಲ್ಬೆರಳು ಬರೋ ಮುಂಭಾಗದ ಮೇಲ್ಭಾಗ, ಲೇಸ್ ಹತ್ರದ ಇಳಿಜಾರು, ಕಾಲು ತೂರಿಸೋ ಬಾಯಿ ಅಂಚು ಇಷ್ಟೂ ಬಣ್ಣ ಕುಡಿದು ಕಪ್ಪಗಾಗ್ಬಿಡ್ತು, ಪಕ್ಕಗಳು ಮಾತ್ರ ತಿಳಿ ಕಂದು. ಒಂದೇ ಡಬ್ಬಿ, ಒಂದೇ ಬ್ರಷ್, ಒಂದೇ ಸಲ ಹಚ್ಚಿದ್ದು. ಎರಡನೇದು, ಅಟ್ಟೆ ಸುತ್ತ ಸ್ವಲ್ಪ ಹೊರಗೆ ಚಾಚಿರುತ್ತಲ್ಲ, ಆ ಪಟ್ಟಿ ಮೂತಿ ಹತ್ರ ಚಾಕು ತಾಗಿದ್ದೇ ತಡ ಪುಡಿಪುಡಿಯಾಗಿ ಉದುರ್ತು. ಇನ್ನೊಂದು ಮಾತು, ನನ್ನ ಬೂಟು ಯಾರೂ ಕಾಲಿಗೆ ಹಾಕದೇ ಇರೋದು ತರ ಕಾಣುತ್ತೆ, ಸುಕ್ಕು ಕೆತ್ತಿದ್ರೂ ಗೆರೆ ಎಳೆದ ಹಾಗಿದೆ. ಹಾಕಿ ಹಾಕಿ ಸವೆದಿರೋ ಬೂಟು ತರ ಬರೋಕೆ ಏನ್ ಮಾಡ್ಬೇಕು? ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಉಳಿ:
ನಿಮ್ಮ ಎರಡು ತೊಂದರೆಗೂ ಕಾರಣ ಒಂದೇ, ನಾರು. ಪೊರಕೆ ಕಡ್ಡಿ ಕಟ್ಟು ಒಂದನ್ನ ನೆಟ್ಟಗೆ ನಿಲ್ಸಿದೀರ ಅಂದ್ಕೊಳಿ. ಪಕ್ಕದಿಂದ ನೀರು ಚಿಮುಕಿಸಿದ್ರೆ ಜಾರಿ ಹೋಗುತ್ತೆ, ಮೇಲಿಂದ ಕಡ್ಡಿ ತುದಿಗಳ ಮೇಲೆ ಸುರಿದ್ರೆ ಒಳಗೆ ಇಳಿಯುತ್ತೆ. ನಿಮ್ಮ ಬೂಟಲ್ಲಿ ನಾರಿನ ತುದಿ ಬಯಲಾಗಿರೋದು ಎಲ್ಲೆಲ್ಲಿ ಅಂದ್ರೆ ಮೂತಿ ಮೇಲೆ, ಇಳಿಜಾರಲ್ಲಿ, ಬಾಯಿ ಅಂಚಲ್ಲಿ, ಅಟ್ಟೆಯ ಕೆಳಭಾಗದಲ್ಲಿ. ತಿರುಗಿಸಿ ನೋಡಿ, ಅಡಿಭಾಗ ಕೂಡ ಕಪ್ಪಾಗಿರುತ್ತೆ. ಅದೇ ಕಟ್ಟಿನ ಬುಡದಿಂದ ಒಂದು ತೆಳ್ಳನೆ ಬಿಲ್ಲೆ ಕತ್ತರಿಸಿದ್ರೆ ಅದು ನಿಲ್ಲುತ್ತಾ? ಅಟ್ಟೆ ಅಂಚು ಅನ್ನೋದು ಆ ಬಿಲ್ಲೆ ತರಾನೇ, ಗಿಡ್ಡ ಗಿಡ್ಡ ನಾರಿನ ತುಂಡು ಪಕ್ಕಪಕ್ಕ ಅಂಟಿಕೊಂಡಿರೋದು ಅಷ್ಟೇ.

ಹಾಗಂತ ಮರವನ್ನ ಅಡ್ಡ ಇಡ್ಬೇಡಿ. ಎತ್ತರದ ಬೂಟಿಗೆ ನಾರು ನೆಟ್ಟಗೇ ಇರ್ಬೇಕು, ಇಲ್ಲಾಂದ್ರೆ ಕಣಕಾಲಿನ ತೆಳು ಗೋಡೆಗಳು ಮುರಿಯುತ್ತೆ, ಅದು ಅಟ್ಟೆ ಮುರಿಯೋದಕ್ಕಿಂತ ದೊಡ್ಡ ನಷ್ಟ. ಗಿಡ್ಡ ಶೂ ಆದ್ರೆ ಮಾತ್ರ ಪಾದದ ಉದ್ದಕ್ಕೆ ನಾರು ಇಟ್ರೆ ಒಳ್ಳೇದು.

ಅಟ್ಟೆಗೆ ನಾನು ಮಾಡೋದು ಹೀಗೆ: ಅದನ್ನ 4 ಮಿಲಿಮೀಟರ್‌ಗಿಂತ ದಪ್ಪ ಬಿಟ್ಟು ಉಳಿದ ಕೆಲಸ ಎಲ್ಲಾ ಮುಗಿದ ಮೇಲೆ ಕೊನೇಲಿ ತೆಳು ಮಾಡ್ತೀನಿ. ಅಟ್ಟೆ ಮತ್ತೆ ಮೇಲ್ಭಾಗ ಸೇರೋ ಗೆರೆ ಮೇಲೆ ಮೊದಲು ಚಾಕು ತುದಿಯಿಂದ ಸುತ್ತ ಒಂದು ತಡೆಗೆರೆ ಕೊಯ್ಕೊಂಡು ಆಮೇಲೆ ಮೇಲಿಂದ ಆ ಗೆರೆ ತನಕ ಸಣ್ಣ ಸಣ್ಣ ಚಕ್ಕೆ ತೆಗೀಬೇಕು. ಚಕ್ಕೆ ಬಿಡ್ಲಿಲ್ಲ ಅಂತ ಚಾಕುನ ಮೀಟ್ಬೇಡಿ, ಗೆರೆನ ಇನ್ನೊಂದು ಸಲ ಕೊಯ್ಯಿರಿ. ಹೆಚ್ಚಾಗಿ ಮುರಿಯೋದು ಮೀಟೋವಾಗ್ಲೇ. ಚಾಕು ಮೊಂಡಾಗಿದ್ರೂ ಹೀಗೇ ಆಗುತ್ತೆ, ನಾರಿನ ತುದಿ ಕೊಯ್ದ ಜಾಗ ಹೊಳಪಾಗಿ ಕಾಣದೆ ಬೆಳ್ಳಗೆ ಸುಲಿದಂಗೆ ಕಂಡ್ರೆ ತಕ್ಷಣ ಚರ್ಮದ ಪಟ್ಟಿ ಮೇಲೆ ಪಾಲಿಶ್ ಪೇಸ್ಟ್ ಹಚ್ಚಿ ಅಲುಗನ್ನ ಉಜ್ಜಿ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಅಟ್ಟೆ, ಹಿಮ್ಮಡಿ ಎರಡನ್ನೂ ಬೇರೆ ತುಂಡಲ್ಲಿ, ನಾರು ಪಾದದ ಉದ್ದಕ್ಕೆ ಬರೋ ಹಾಗೆ ಮಾಡಿ ಅಂಟಿಸೋದು. ನಿಜವಾದ ಬೂಟಿಗೂ ಅಟ್ಟೆ ಬೇರೇನೇ ಅಲ್ವಾ. ಬೂಟಿನ ಅಡಿಭಾಗ ನಾರಿನ ತುದಿ ಆಗಿರೋದ್ರಿಂದ ಅಂಟನ್ನ ಕುಡಿದ್ಬಿಡುತ್ತೆ, ಅದಕ್ಕೆ ಮೊದಲು ಬಿಳಿ ಅಂಟು ತೆಳ್ಳಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಎರಡನೇ ಸಲ ಹಚ್ಚಿ ಒತ್ತಿ ಕಟ್ಟಿಡಿ.

ಬಣ್ಣದಕೈ:
ಹಳೇಉಳಿ ಅವರು ಕಾರಣ ಸರಿಯಾಗಿ ಹೇಳಿದಾರೆ, ನಾನು ಬಣ್ಣದ ಬಗ್ಗೆ ಹೇಳ್ತೀನಿ. ಬಾಸ್‌ವುಡ್‌ಗೆ ನೇರವಾಗಿ ಸ್ಟೇನ್ ಹಚ್ಚಲೇಬೇಡಿ, ಅದು ಪಕ್ಕದಲ್ಲೂ ಮಚ್ಚೆಮಚ್ಚೆ ಆಗೋ ಮರ. ಮೊದಲು ಒದ್ದೆ ಬಟ್ಟೇಲಿ ಬೂಟನ್ನ ಒಂದು ಸಲ ಒರೆಸಿ ಒಣಗೋಕೆ ಬಿಡಿ, ನಾರು ಎದ್ದು ಒರಟಾಗುತ್ತೆ, 320ರ ಸ್ಯಾಂಡ್‌ಪೇಪರಲ್ಲಿ ಹಗುರವಾಗಿ ಸವರಿ. ಆಮೇಲೆ ಶೆಲ್ಯಾಕ್‌ನ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಮೆರುಗು) ಚೆನ್ನಾಗಿ ತೆಳು ಮಾಡಿ ಒಂದು ಕೋಟ್ ಎಲ್ಲಾ ಕಡೆ, ನಾರಿನ ತುದಿ ಇರೋ ಜಾಗಕ್ಕೆ ಮಾತ್ರ ಎರಡು. ಒಣಗಿದ ಮೇಲೆ ಬಣ್ಣ ಹಚ್ಚಿದ್ರೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ತರ ಕೂರುತ್ತೆ. ಅದೇ ಮರದ ಉಳಿದ ತುಂಡಲ್ಲಿ ಮೊದಲು ಹಚ್ಚಿ ನೋಡಿ, ಪಕ್ಕಕ್ಕೆ ಮಾತ್ರ ಅಲ್ಲ, ಕೊಯ್ದ ತುದಿಗೂ.

ನಾನೀಗ ಸ್ಟೇನ್ ಬಿಟ್ಟು ಅಕ್ರಿಲಿಕ್ ಬಣ್ಣವನ್ನ ಬಣ್ಣದ ನೀರಿನಷ್ಟು ತೆಳುವಾಗಿ ಕಲಸಿ ನಾಲ್ಕೈದು ಪದರ ಹಚ್ತೀನಿ, ಮರದ ಗೆರೆ ಕಾಣ್ತಾನೇ ಇರುತ್ತೆ, ಎಲ್ಲಿ ಗಾಢ ಬೇಕೋ ಅಲ್ಲಿ ಒಂದು ಪದರ ಜಾಸ್ತಿ. ಕೊನೇಲಿ ಜೇನುಮೇಣಕ್ಕೆ ಚೂರು ಬರ್ಂಟ್ ಅಂಬರ್ ಅನ್ನೋ ಗಾಢ ಕಂದು ಎಣ್ಣೆ ಬಣ್ಣ ಬೆರೆಸಿ ಸವರಿ, ಮೇಲಿಂದ ಒರೆಸಿಬಿಟ್ರೆ ಸುಕ್ಕಿನ ಒಳಗೆ, ಹೊಲಿಗೆ ತೂತಲ್ಲಿ ಕಪ್ಪು ಉಳ್ಕೊಳ್ಳುತ್ತೆ. ಹಳೇ ಚರ್ಮದ ಕಳೆ ಬರೋದೇ ಅಲ್ಲಿಂದ.

ಈಗಿರೋ ಬೂಟನ್ನ ಬಿಸಾಕ್ಬೇಡಿ. ಪಾಲಿಶ್ ತಿಂದು ತಿಂದು ಮೂತಿ ಕಪ್ಪಾಗಿರೋ ಹಳೇ ಬೂಟು ಎಷ್ಟಿಲ್ಲ, ಹಿಮ್ಮಡಿನೂ ಅಷ್ಟೇ ಗಾಢ ಮಾಡಿ, ಕಪ್ಪಿನಿಂದ ಕಂದಿಗೆ ನಿಧಾನವಾಗಿ ಕರಗೋ ಹಾಗೆ ತೆಳು ಪದರ ಎಳೀರಿ, ಬೇಕಂತಲೇ ಮಾಡಿದ ಹಾಗೆ ಕಾಣುತ್ತೆ.

ಎಚ್ಚರಿಕೆ ಎರಡು. ಮುರಿದ ಚೂರು ಅಂಟಿಸೋಕೆ ಸೂಪರ್ ಗ್ಲೂ ಬಳಸಿದ್ರೆ ಅದು ಸೋರಿದ ಜಾಗಕ್ಕೆ ಸ್ಟೇನ್ ಹಿಡಿಯಲ್ಲ, ತಿಳಿ ಕಲೆ ಉಳಿಯುತ್ತೆ, ಅದಕ್ಕೆ ಬಣ್ಣ ಮುಚ್ಚೋ ಕಡೆ ಮಾತ್ರ ಬಳಸಿ. ಇನ್ನು ಅಗಸೆ ಎಣ್ಣೆ ಹಚ್ಚೋರಿದ್ರೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ಒಣಗುವಾಗ ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳಬಹುದು, ತಮಾಷೆ ಅಲ್ಲ. ಹೊರಗಡೆ ಬಿಡಿಸಿ ಹರವಿ ಒಣಗಿಸಿ, ಇಲ್ಲಾ ನೀರಲ್ಲಿ ಮುಳುಗಿಸಿಡಿ.

ಸುಕ್ಕುಪ್ರೇಮಿ:
ಸುಕ್ಕಿನ ಬಗ್ಗೆ ನಾನು ಹೇಳ್ಲಾ. ನಿಮ್ಮದೇ ಒಂದು ಹಳೇ ಶೂ ತಂದು ಮೇಜಿನ ಮೇಲಿಡಿ, ಕೋಣೆ ಲೈಟ್ ಆರಿಸಿ ಒಂದು ಪಕ್ಕದಿಂದ ಮಾತ್ರ ಟಾರ್ಚ್ ಬಿಡಿ. ಬೆರಳು ಬಗ್ಗೋ ಜಾಗದಲ್ಲಿ ನೋಡಿ, ಸುಕ್ಕು ಅನ್ನೋದು ಗೆರೆ ಅಲ್ಲ, ಎರಡು ದಿಬ್ಬದ ಮಧ್ಯದ ಹಳ್ಳ. ಒಂದು ಕಡೆ ಆಳವಾಗಿ ಶುರುವಾಗಿ ಇನ್ನೊಂದು ಕಡೆ ಹೋಗ್ತಾ ಹೋಗ್ತಾ ಇಲ್ಲವಾಗುತ್ತೆ, ಪಕ್ಕದ ಸುಕ್ಕು ಅದಕ್ಕೆ ಬಂದು ಸೇರುತ್ತೆ, ಎರಡು ಸುಕ್ಕು ಪೂರ್ತಿ ಸಮಾನಾಂತರವಾಗಿ ಇರೋದು ಕಮ್ಮಿ. ನೀವು ವಿ ಆಕಾರದ ಉಳಿಯಲ್ಲಿ ಎಳೆದಿದೀರ ಅನ್ಸುತ್ತೆ, ಅದಕ್ಕೇ ಗೆರೆ ತರ ಆಗಿದೆ. ಅಲುಗಿನ ಅಂಚು ಬಿಲ್ಲಿನ ತರ ಬಾಗಿರೋ ಗೌಜ್ ಉಳಿ ತಗೊಂಡು ಹಳ್ಳ ತೋಡಿ, ಆಮೇಲೆ ದಿಬ್ಬದ ಚೂಪು ಅಂಚನ್ನ ಚಾಕುವಿನಿಂದ ಉರುಟು ಮಾಡಿ. ಕಣಕಾಲಿನ ಹತ್ರ ಸುಕ್ಕು ದಪ್ಪ, ಮೂತಿ ಹತ್ರ ಸಣ್ಣದು. ಹಿಮ್ಮಡಿಯ ಹಿಂದಿನ ಹೊರಮೂಲೆ ಸ್ವಲ್ಪ ಸವೆಸಿ, ತುಂಬಾ ಜನ ಸವೆಸೋದು ಅಲ್ಲೇ. ಮೂತಿ ನೆಲದಿಂದ ಒಂದೆರಡು ಮಿಲಿಮೀಟರ್ ಮೇಲೆದ್ದಿರಲಿ. ಇಷ್ಟು ಮಾಡಿದ್ರೆ ಯಾರೋ ಇದನ್ನ ಈಗಷ್ಟೇ ಕಾಲಿಂದ ಬಿಚ್ಚಿಟ್ಟ ಹಾಗೆ ಕಾಣುತ್ತೆ.

ಬಾಯಿ ತೂತು ಹೇಗೆ ಮಾಡಿದ್ರಿ ಅಂತ ಬರೆದಿಲ್ಲ. ಮರ ಇನ್ನೂ ಚೌಕ ತುಂಡಾಗಿರುವಾಗ್ಲೇ ಬಿಗಿಯಾಗಿ ಕ್ಲಾಂಪ್ ಮಾಡಿ ಫೋರ್ಸ್ಟ್‌ನರ್ ಬಿಟ್ (ಚಪ್ಪಟೆ ತಳದ ಅಗಲ ತೂತು ಕೊರೆಯೋ ಡ್ರಿಲ್ ತುದಿ) ಹಾಕಿ ಕೊರೆದ್ಬಿಡಿ, ಆಕಾರ ಬಂದ ಮೇಲೆ ಹಿಡಿಯೋಕೆ ಜಾಗ ಸಿಗಲ್ಲ. ಪೂರ್ತಿ ಕೆಳಗಿನ ತನಕ ಬೇಡ, ಕಣಕಾಲಿನ ತನಕ ಸಾಕು, ಒಳಗೆ ಕಪ್ಪು ಬಣ್ಣ ಬಳಿದ್ರೆ ಕಣ್ಣಿಗೆ ಆಳ ಸಿಗುತ್ತೆ. ಮತ್ತೆ ಹೆಬ್ಬೆರಳಿಗೆ ಚರ್ಮದ ಕವಚ ಹಾಕ್ಕೊಳಿ, ಇಷ್ಟು ಸಣ್ಣದನ್ನ ಕೈಯಲ್ಲೇ ಹಿಡಿದು ಕೆತ್ತೋದಲ್ವಾ.

ಚಕ್ಕೆಪುಡಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಡಿಭಾಗ ತಿರುಗಿಸಿ ನೋಡ್ದೆ, ಹೇಳಿದ ಹಾಗೇ ಕಪ್ಪಗಿದೆ. ಮೂರನೇ ಬೂಟಿಗೆ ಅಟ್ಟೆ ಬೇರೆ ತುಂಡಲ್ಲಿ ಮಾಡಿ ಅಂಟಿಸಿದೀನಿ, ಅಂಚು 2 ಮಿಲಿಮೀಟರ್‌ಗೆ ಇಳಿಸಿದ್ರೂ ಒಂದು ಚೂರೂ ಉದುರಲಿಲ್ಲ. ಶೂ ಇಟ್ಟು ಟಾರ್ಚ್ ಬಿಟ್ಟು ಅರ್ಧ ಗಂಟೆ ಸುಮ್ನೆ ನೋಡ್ತಾ ಕೂತಿದ್ದೆ, ಇಷ್ಟು ವರ್ಷ ಹಾಕಿರೋ ಶೂನ ಹೀಗೆ ನೋಡೇ ಇರ್ಲಿಲ್ಲ. ಒಂದೇ ಸಂದೇಹ, ಹೊಲಿಗೆ ತೂತು ಹಾಕೋದು ಸ್ಯಾಂಡ್‌ಪೇಪರ್ ಹಿಡಿಯೋಕೆ ಮುಂಚೆನಾ ಆಮೇಲಾ?

ಹಳೇಉಳಿ:
ಆಮೇಲೆ, ಆದ್ರೆ ಶೆಲ್ಯಾಕ್‌ಗೆ ಮುಂಚೆ. ಪೆನ್ಸಿಲ್ ಗೆರೆ ಹಾಕ್ಕೊಂಡು ಸೂಜಿಯಿಂದ ಒಂದೂವರೆ ಮಿಲಿಮೀಟರ್‌ಗೆ ಒಂದರಂತೆ ಚುಚ್ತಾ ಹೋಗಿ. ಚಾಕು, ಉಳಿ ಕೆಲಸ ಮಾತ್ರ ಎಲ್ಲಾ ಮುಂಚೆನೇ ಮುಗಿಸ್ಬೇಕು, ಸ್ಯಾಂಡ್‌ಪೇಪರಿನ ಹರಳು ನಾರಲ್ಲಿ ಸಿಕ್ಕಿಕೊಂಡಿರುತ್ತೆ, ಆಮೇಲೆ ಕೆತ್ತೋಕೆ ಹೋದ್ರೆ ಅಲುಗು ಹಾಳಾಗುತ್ತೆ. ಮೂರನೇ ಬೂಟಿನ ಫೋಟೋ ಹಾಕಿ, ಸುಕ್ಕು ಹೇಗೆ ಬಂದಿದೆ ನೋಡೋಣ.