500 ಸಿಸಿ ಏರ್ ಕೂಲ್ಡ್ ಬೈಕಿಗೆ ಆಯಿಲ್ ಕೂಲರ್: ಬೆಂಗಳೂರು ಟ್ರಾಫಿಕ್ಕಿಗೆ ಉಪಯೋಗ ಇದೆಯಾ?

ಜಯನಗರ_500
ನನ್ನದು 2014ರ 500 ಸಿಸಿ ಸಿಂಗಲ್, ಬರೀ ಗಾಳಿಯಿಂದ ತಣಿಯೋ ಎಂಜಿನ್. ವಾರವೆಲ್ಲ ಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿ. ರಜೆ ಸಿಕ್ಕರೆ ಇಬ್ಬರು ಲಗೇಜು ಹೇರಿಕೊಂಡು ಸಕಲೇಶಪುರ, ಶಿರಾಡಿ. ಏಪ್ರಿಲ್ ಬಂತೆಂದರೆ ಸಂಜೆ ರಿಂಗ್ ರೋಡಿನಲ್ಲಿ ತೊಡೆ ಸುಡುತ್ತೆ, ಟ್ಯಾಪೆಟ್ ಸದ್ದು (ವಾಲ್ವ್ ಕಡೆಯ ಟಕಟಕ) ಏರುತ್ತೆ, ಸಿಗ್ನಲ್ಲಲ್ಲಿ ನ್ಯೂಟ್ರಲ್ ಬೀಳೋದೇ ಇಲ್ಲ. ಜೆ.ಸಿ. ರೋಡಿನಲ್ಲಿ ಕೂಲರ್ ಕಿಟ್ (ಎಂಜಿನ್ ಆಯಿಲ್ಲನ್ನು ಹೊರಗೆ ತಂದು ಗಾಳಿಗೆ ತಣಿಸೋ ಸಣ್ಣ ರೇಡಿಯೇಟರ್) ವಿಚಾರಿಸಿದೆ. ಒಬ್ಬರು 7 ರೋ (ಕೂಲರಿನ ಸಾಲುಗಳ ಲೆಕ್ಕ) ಸಾಕು ಅಂದರು, ಇನ್ನೊಬ್ಬರು 10 ರೋ ಹಾಕಿ, ಪಿಕಪ್ಪೂ ಜಾಸ್ತಿಯಾಗುತ್ತೆ ಅಂದರು. ಹಾಕಿಸಿದವರು ಹೇಳಿ, ನಿಜವಾಗಿ ಫರಕ್ ಬೀಳುತ್ತಾ?

ಸ್ಪ್ಯಾನರ್_ಕಾಮಾಕ್ಷಿಪಾಳ್ಯ
ಧೈರ್ಯವಾಗಿ ಹಾಕಿಸಿ. ಇಂಟರ್‌ಸೆಪ್ಟರ್ 650, ಹಳೆ ಹಿಮಾಲಯನ್ 411, ಪಲ್ಸರ್ 220 ಎಲ್ಲಕ್ಕೂ ಕಂಪನಿಯೇ ಕೂಲರ್ ಕೊಟ್ಟಿದೆ. ಏರ್ ಕೂಲ್ಡ್ ಎಂಜಿನ್ನಲ್ಲಿ ಹೆಡ್ಡಿನ (ಸಿಲಿಂಡರಿನ ಮೇಲ್ಭಾಗದ) ಬಿಸಿಯನ್ನು ಹೊತ್ತು ಕೆಳಗೆ ತರೋದು ಆಯಿಲ್ಲೇ. ಗ್ಯಾರೇಜಲ್ಲಿ ದೊಡ್ಡ ಸಿಂಗಲ್ ಬಿಚ್ಚಿದಾಗ ರಾಕರ್ (ವಾಲ್ವ್ ಒತ್ತೋ ತೋಳು) ಸವೆದಿರುತ್ತೆ, ಆಯಿಲ್ ಕರೀ ನೀರಾಗಿರುತ್ತೆ. ಅದನ್ನ ಕೈಯಲ್ಲಿ ಮುಟ್ಟಿ ನೋಡಿದವರಿಗೆ ಕೂಲರ್ ಬೇಕೋ ಬೇಡವೋ ಅನ್ನೋ ಅನುಮಾನ ಬರಲ್ಲ.

ಪೀಣ್ಯ_ಥರ್ಮಲ್
ಉದಾಹರಣೆಗಳು ಸರಿ, ಆದರೆ ಅವೆಲ್ಲ ಕೂಲರ್ ಲೆಕ್ಕ ಹಾಕಿಯೇ ಪಂಪು, ಆಯಿಲ್ ದಾರಿ ರೂಪಿಸಿದ ಎಂಜಿನ್‌ಗಳು. ಹೊರಗಿನ ಕಿಟ್ ಹಾಕುವಾಗ ಆಯಿಲ್ ಎಲ್ಲಿಂದ ತೆಗೀತಾರೆ ಅಂತ ಮೊದಲು ಕೇಳಿ. ಹೆಡ್ಡಿಗೆ ಹೋಗೋ ಲೈನನ್ನೇ ಕತ್ತರಿಸಿ ಕೂಲರ್ ಸುತ್ತಿಸಿದರೆ ಅಲ್ಲಿ ಪ್ರೆಷರ್ ಇಳಿಯುತ್ತೆ. ಯಾವ ರಾಕರ್ ಉಳಿಸೋಕೆ ಹೊರಟಿದ್ದೀವೋ ಅದಕ್ಕೇ ಆಯಿಲ್ ಕಡಿಮೆ ಆಗುತ್ತೆ.

ಇನ್ನು ಟ್ರಾಫಿಕ್. ಕೂಲರಿಗೆ ಬೇಕಾದ್ದು ಓಡೋ ಗಾಳಿ. ಸಿಲ್ಕ್ ಬೋರ್ಡಿನಲ್ಲಿ ನಿಂತ ಬೈಕಿಗೆ ಗಾಳಿ ಎಲ್ಲಿಂದ ಬರಬೇಕು? ಫ್ಯಾನಿಲ್ಲದ ಕೂಲರು ಅಲ್ಲಿ ಮಾಡೋದು ಅಷ್ಟಕ್ಕಷ್ಟೇ. ಜೊತೆಗೆ ಅದನ್ನು ಸಿಲಿಂಡರ್ ಮುಂದೆಯೇ ಅಡ್ಡ ಕಟ್ಟಿದರೆ ಅದರ ಫಿನ್ನಿಗೆ (ಬಿಸಿ ಬಿಡೋ ಲೋಹದ ರೆಕ್ಕೆಗೆ) ಬರೋ ಗಾಳಿಗೂ ತಡೆ.

ಪಿಕಪ್ ಏರೋದು ಸುಳ್ಳು. ಆಯಿಲ್ ಅತಿಯಾಗಿ ತಣ್ಣಗಿದ್ದರೆ ದಪ್ಪಗಾಗಿ ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತೆ. ಸಂಪಿನಲ್ಲಿ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಜಾಗ) 90ರಿಂದ 110 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೇದು. 120ರಲ್ಲಿ ಒಳ್ಳೆ ಸಿಂಥೆಟಿಕ್ ಆರಾಮಾಗಿರುತ್ತೆ. 135 ದಾಟಿ ಅಲ್ಲೇ ನಿಂತರೆ ಚಿಂತೆ ಮಾಡಬೇಕು. ನಿಮ್ಮ ಬೈಕಲ್ಲಿ ಎಷ್ಟಿದೆ ಅಂತ ಅಳೆದಿದ್ದೀರಾ?

ಜಯನಗರ_500
ಇಲ್ಲ. ತೊಡೆಗೆ ತಟ್ಟಿದ ಬಿಸಿಯಷ್ಟೇ ಗೊತ್ತು.

ಪೀಣ್ಯ_ಥರ್ಮಲ್
ತೊಡೆಗೆ ತಟ್ಟೋದು ಹೆಚ್ಚಾಗಿ ಹೆಡ್ಡಿನ, ಸೈಲೆನ್ಸರ್ ಬೆಂಡಿನ ಬಿಸಿ. ಎಸ್.ಪಿ. ರೋಡಿಗೆ ಹೋಗಿ ಕೆ ಟೈಪ್ ಥರ್ಮೋಕಪಲ್ (ಬಿಸಿ ಅಳೆಯೋ ತಂತಿ), ಒಂದು ಸಣ್ಣ ಮೀಟರ್ ತನ್ನಿ. ತುದಿ ಆಯಿಲ್ಲಲ್ಲಿ ಮುಳುಗೋ ಹಾಗೆ ಡಿಪ್‌ಸ್ಟಿಕ್ ಜಾಗದಲ್ಲಿ ಕೂರಿಸಿ. ಡ್ರೈನ್ ಬೋಲ್ಟಿನ ಹೊರಗೆ ಅಂಟಿಸಿದರೆ ಕಡಿಮೆ ತೋರಿಸುತ್ತೆ.

ಟ್ರ್ಯಾಕ್_ಹುಡುಗಿ
ಕೂಲರ್ ಪರವಾಗಿ ನಾನೂ ಮಾತಾಡ್ತೀನಿ, ಆದರೆ ಬೇರೆ ಕಾರಣಕ್ಕೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೂ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಬೈಕ್ ಒಯ್ಯುತ್ತೀನಿ. ಅಲ್ಲಿ ಆರ್‌ಪಿಎಂ ಇಳಿಯೋದೇ ಇಲ್ಲ, ಗಾಳಿಯೂ ಧಾರಾಳ. ಕೂಲರ್ ಹಾಕಿದ ಮೇಲೆ ಸೆಷನ್ ಕೊನೆಯ ಲ್ಯಾಪಿನಲ್ಲೂ ಗೇರ್ ಮೊದಲ ಲ್ಯಾಪಿನಷ್ಟೇ ಸಲೀಸು.

ಆದರೆ ಥರ್ಮೋಸ್ಟಾಟ್ (ಬಿಸಿಗೆ ತಾನೇ ತೆರೆಯೋ ಕವಾಟ) ಇಲ್ಲದ ಕಿಟ್ ಬೆಂಗಳೂರಿಗೆ ತರಲೇಬೇಡಿ. ಡಿಸೆಂಬರಲ್ಲಿ ನಸುಕಿಗೆ ನಂದಿ ಬೆಟ್ಟಕ್ಕೆ ಹೊರಟರೆ ದಾರಿಯುದ್ದಕ್ಕೂ ಆಯಿಲ್ ಕಾಯೋದೇ ಇಲ್ಲ. ಒಳಗೆ ಕೂಡಿದ ನೀರಾವಿ, ಬೆರೆತ ಪೆಟ್ರೋಲು ಹೊರಗೆ ಹೋಗಲ್ಲ, ಫಿಲ್ಲರ್ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ಜಿಗುಟು ಕೂಡುತ್ತೆ. 80ರಿಂದ 90 ಡಿಗ್ರಿಗೆ ತೆರೆಯೋ ಥರ್ಮೋಸ್ಟಾಟ್ ಇದ್ದರೆ ಅಲ್ಲಿಯವರೆಗೆ ಬಹುಪಾಲು ಆಯಿಲ್ ಕೂಲರನ್ನು ಬಿಟ್ಟು ಸುತ್ತುತ್ತೆ.

ಹಾಸನ_ಡೀಸೆಲ್
ನಡುವೆ ಬಂದೆ. ನನ್ನ ಡೀಸೆಲ್ ಎಸ್‌ಯುವಿಯಲ್ಲಿ ಕೂಲಂಟಿನಿಂದ ತಣಿಸೋ ಆಯಿಲ್ ಕೂಲರ್ ಇದೆ. ಅದನ್ನ ತೆಗೆದು ಮುಂದೆ ಗಾಳಿಗೆ ದೊಡ್ಡದು ಕೂರಿಸೋದು ಒಳ್ಳೇದಾ?

ಪೀಣ್ಯ_ಥರ್ಮಲ್
ಕೂಲಂಟ್ ಮಾದರಿಗೆ ಒಂದು ದೊಡ್ಡ ಗುಣ ಇದೆ, ಬೆಳಗ್ಗೆ ಅದೇ ಆಯಿಲ್ಲನ್ನು ಬೇಗ ಬೆಚ್ಚಗೂ ಮಾಡುತ್ತೆ. ಅದರ ಶತ್ರು ಕೊಳಕು ಕೂಲಂಟ್. ಅಮೆರಿಕದಲ್ಲಿ ಫೋರ್ಡ್ 2003ರಿಂದ 2007ರವರೆಗೆ ಪಿಕಪ್‌ಗಳಲ್ಲಿ ಕೊಟ್ಟ 6.0 ಲೀಟರ್ ಡೀಸೆಲ್ ಇದಕ್ಕೇ ಹೆಸರುವಾಸಿ. ಕೂಲರಿನ ಸಣ್ಣ ಸಂದುಗಳಲ್ಲಿ ಎರಕದ ಮರಳು, ಕೂಲಂಟಿನ ಗಸಿ ಕಟ್ಟಿಕೊಂಡು, ಮುಂದೆ ಇಜಿಆರ್ ಕೂಲರಿಗೆ (ಎಂಜಿನ್ನಿಗೆ ಮರಳಿ ಬಿಡೋ ಹೊಗೆಯನ್ನು ತಣಿಸೋ ಭಾಗಕ್ಕೆ) ಕೂಲಂಟ್ ಸಾಲದೆ ಅದು ಒಡೆಯುತ್ತಿತ್ತು. ಅಲ್ಲಿನ ಮಾಲೀಕರು ಗಾಳಿಯ ಕೂಲರಿಗೆ ಬದಲಾಯಿಸಿದ್ದು ಅದಕ್ಕೆ. ಹೆದ್ದಾರಿಯಲ್ಲಿ ಎಂಜಿನ್ ಪೂರ್ತಿ ಕಾದ ಮೇಲೆ ಆಯಿಲ್ಲು ಕೂಲಂಟಿಗಿಂತ 15 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 8 ಡಿಗ್ರಿ ಸೆಲ್ಸಿಯಸ್ ಜಾಸ್ತಿ ತೋರಿಸಿದರೆ ಕೂಲರ್ ಕಟ್ಟಿದೆ ಅಂತ ಅವರ ಲೆಕ್ಕ. ಅದು ಆ ಎಂಜಿನ್ನಿನ ಅಂಕಿ, ನಿಮ್ಮದಕ್ಕೆ ಹಾಗೇ ಹೊಂದಿಸಬೇಡಿ. ಹೊತ್ತಿಗೆ ಸರಿಯಾಗಿ, ಹೇಳಿದ ಜಾತಿಯ ಕೂಲಂಟ್ ಬದಲಿಸಿ, ಸಾಕು.

ಸ್ಪ್ಯಾನರ್_ಕಾಮಾಕ್ಷಿಪಾಳ್ಯ
ಥರ್ಮೋಸ್ಟಾಟ್ ಮಾತು ನೂರಕ್ಕೆ ನೂರು. ನನ್ನದೂ ಎರಡು ಮಾತು. ಕ್ಲಿಪ್ ಬಿಗಿದ ರಬ್ಬರ್ ಪೈಪ್ ಬೇಡವೇ ಬೇಡ, ಕ್ರಿಂಪ್ ಮಾಡಿದ ಸ್ಟೀಲ್ ಹೆಣಿಗೆಯ ಹೋಸೇ ಬೇಕು. ಓಡುವಾಗ ಪೈಪ್ ಕಳಚಿದರೆ ಆಯಿಲ್ ಬೀಳೋದು ಹಿಂದಿನ ಟೈರಿನ ಮೇಲೆ. ದೊಡ್ಡ ಸಿಂಗಲ್ಲಿನ ನಡುಕಕ್ಕೆ ಬ್ರಾಕೆಟ್ ಬಿರುಕು ಬಿಡುತ್ತೆ, ರಬ್ಬರ್ ಬುಷ್ ಹಾಕಿಸಿ. ಮತ್ತೆ, ದಯವಿಟ್ಟು ಶಿವಾಜಿನಗರದ ಗುಜರಿಯಿಂದ ಹಳೇ ಕೂಲರ್ ತರಬೇಡಿ. ಅದು ಸೀಜ್ ಆದ (ಒಳಗೆ ಬಿಗಿದು ನಿಂತ) ಎಂಜಿನ್ನಿಂದ ಬಂದಿದ್ದರೆ ಬೇರಿಂಗಿನ ಲೋಹದ ಪುಡಿ ಒಳಗಿನ ಫಿನ್ನುಗಳಲ್ಲಿ ಕೂತಿರುತ್ತೆ. ಎಷ್ಟು ತೊಳೆದರೂ ನಂಬೋಕಾಗಲ್ಲ.

ಜಯನಗರ_500
ಅಳೆದೆ. ಹಾಕಿರೋದು 15ಡಬ್ಲ್ಯೂ-50 ಆಯಿಲ್. ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ 104ರ ಆಸುಪಾಸು. ಸಂಜೆ ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ 127. ಶಿರಾಡಿಗೆ ಇನ್ನೂ ಹೋಗಿಲ್ಲ.

ಪೀಣ್ಯ_ಥರ್ಮಲ್
ಟ್ಯಾಪೆಟ್ ಸದ್ದಿಗೆ ಉತ್ತರ ಇಲ್ಲೇ ಇದೆ. 50 ಗ್ರೇಡ್ (15ಡಬ್ಲ್ಯೂ-50ರ ಎರಡನೇ ಅಂಕಿ) ಆಯಿಲ್ಲಿನ ದಪ್ಪ 100 ಡಿಗ್ರಿಯಲ್ಲಿ 16.3ರಿಂದ 21.9 ಸೆಂಟಿಸ್ಟೋಕ್. 127ಕ್ಕೆ ಹೋದರೆ ಅದು 100 ಡಿಗ್ರಿಯ 40 ಗ್ರೇಡಿಗಿಂತಲೂ ತೆಳು. ಹೆದ್ದಾರಿಯಲ್ಲಿ ನಿಮಗೆ ಕೂಲರ್ ಬೇಕಿಲ್ಲ, ಬೇಕಾದ ಜಾಗದಲ್ಲಿ ಗಾಳಿಯಿಲ್ಲ. ಜಾಸೋ ಎಂಎ2 ದರ್ಜೆಯ (ಆಯಿಲ್ಲಲ್ಲಿ ಮುಳುಗಿದ ಕ್ಲಚ್ಚಿನ ಬೈಕಿಗೆ ಹೊಂದುವ) ಪೂರ್ತಿ ಸಿಂಥೆಟಿಕ್ ಹಾಕಿ, ಬದಲಿಸೋ ಅವಧಿ ಕಡಿಮೆ ಮಾಡಿ, ಉದ್ದ ಸಿಗ್ನಲ್ಲಲ್ಲಿ ಎಂಜಿನ್ ಆಫ್ ಮಾಡಿ.

ಸ್ಪ್ಯಾನರ್_ಕಾಮಾಕ್ಷಿಪಾಳ್ಯ
ಊರೊಳಗಿನ ಮಟ್ಟಿಗೆ ಒಪ್ಪಿದೆ. ಆದರೆ ಇಬ್ಬರು ಕೂತು, ಲಗೇಜು ಹೇರಿ, ಮೇ ತಿಂಗಳಲ್ಲಿ ಶಿರಾಡಿ ಏರುವಾಗ ವೇಗವೂ ಕಮ್ಮಿ, ಎಂಜಿನ್ ಮೇಲೆ ಭಾರವೂ ಜಾಸ್ತಿ. ಅಲ್ಲಿನ ಅಂಕಿ ನೋಡದೆ ಬೇಡ ಅನ್ನೋದು ಆತುರ.

ಜಯನಗರ_500
ಸರಿ, ಈಗ ಸಿಂಥೆಟಿಕ್ ಮಾತ್ರ ಹಾಕಿಸ್ತೀನಿ. ಮೀಟರ್ ಬಿಚ್ಚಲ್ಲ. ಗುಂಡ್ಯದಿಂದ ಮಾರನಹಳ್ಳಿವರೆಗೆ ಏರುವಾಗ ಬಂದ ಅಂಕಿ ಇಲ್ಲೇ ಹಾಕ್ತೀನಿ. 130 ದಾಟಿದರೆ ಥರ್ಮೋಸ್ಟಾಟ್ ಇರೋ 7 ರೋ ಕಿಟ್, ಕಾಮಾಕ್ಷಿಪಾಳ್ಯಕ್ಕೇ ಬರ್ತೀನಿ.

ಸ್ಪ್ಯಾನರ್_ಕಾಮಾಕ್ಷಿಪಾಳ್ಯ
ಬನ್ನಿ. ಹೆಡ್ ಲೈನ್ ಮುಟ್ಟಲ್ಲ, ಫಿಲ್ಟರ್ ಕಡೆಯಿಂದಲೇ ತೆಗೀತೀನಿ. ಮುಂಚೆ, ಆಮೇಲೆ ಎರಡೂ ಸಲ ಪ್ರೆಷರ್ ಗೇಜ್ ಹಾಕಿ ನಿಮ್ಮ ಎದುರಲ್ಲೇ ತೋರಿಸ್ತೀನಿ.