ಫೋನಿನಲ್ಲಿ ಬರೆದರೆ ಅಪ್ಪನ ಮಾತೇ ಕಾಣೆ: ನಿಮ್ಮ ಅನುಭವ ಹೇಳಿ

ಪ್ರಶ್ನೆ, ಡೊಂಬಿವಲಿಯಿಂದ
ಅಪ್ಪ ಧಾರವಾಡ ಕಡೆಯವರು. ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು. ಪೆನ್ನು ಹಿಡಿದರೆ ಊರಿನ ಮಾತು ತಾನಾಗಿ ಬರುತ್ತಿತ್ತು. ಈಗ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಫೋನಿನಲ್ಲಿ ನೆನಪುಗಳನ್ನು ಬರೆಯುತ್ತಿದ್ದಾರೆ. ಓದಿದರೆ ಯಾರೋ ಬೇರೆಯವರು ಬರೆದ ಹಾಗಿದೆ. ಏನು ಮಾಡಬಹುದು?

ಕೋಥ್ರೂಡ್, ಪುಣೆ
ಅಕ್ಕಾ, ಮೊದಲು ಅವರ ಕೀಬೋರ್ಡ್ ಯಾವುದು ನೋಡಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಬಗೆಯದಾದರೆ ತೊಂದರೆ ಅಲ್ಲೇ ಇದೆ. ನಾವು ಒತ್ತಿದ್ದನ್ನು ಅದು ಹಾಗೇ ಬರೆಯುವುದಿಲ್ಲ. ಯಾವ ಪದ ಇರಬಹುದು ಅಂತ ಊಹಿಸುತ್ತದೆ. ನನ್ನ ಮಾವನವರು ಹುಬ್ಬಳ್ಳಿಯವರು. ‘ಮಾಡಾಕತ್ತಾರ’ ಅಂತ ಬರೆಯಲು ಹೋದರೆ ಫೋನು ಇನ್ನೇನೋ ಮುಂದಿಡುತ್ತಿತ್ತು. ತಿದ್ದಿ ತಿದ್ದಿ ಬೇಸತ್ತು ಕೊನೆಗೆ ‘ಮಾಡುತ್ತಿದ್ದಾರೆ’ ಅಂತಲೇ ಬರೆಯತೊಡಗಿದರು. ಮಾತು ಮರೆತಿರಲಿಲ್ಲ, ತಿದ್ದುವ ಕಾಟಕ್ಕೆ ಬಿಟ್ಟುಕೊಟ್ಟಿದ್ದರು. ನನಗೆ ತುಂಬಾ ಸಂಕಟವಾಯಿತು.

ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ಜೋಡಣೆ ಕಲಿಸಿದೆವು. ಅದರಲ್ಲಿ ಊಹೆ ಇಲ್ಲ, ಕ ಒತ್ತಿದರೆ ಕ. ಸ್ವರಗಳು ಎಡಗೈ ಕಡೆ, ವ್ಯಂಜನಗಳು ಹೆಚ್ಚಾಗಿ ಬಲಗೈ ಕಡೆ. ಭಾರತದ ಲಿಪಿಗಳಿಗೆ ಒಂದೇ ಜೋಡಣೆ ಇರಲಿ ಅಂತ 1980ರ ದಶಕದಲ್ಲಿ ಮಾಡಿದ್ದು ಇದು. ಹಾಗಾಗಿ ಮರಾಠಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ ಕೂಡ ಇದೆ. ನಮ್ಮ ಮಕ್ಕಳಿಗೂ ಇದರಿಂದ ಅನುಕೂಲ, ಒಂದು ಕಲಿತರೆ ಎರಡು ಭಾಷೆ ಬರೆಯಬಹುದು. ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶ ಬೇಡ, ಕನ್ನಡ ಭಾಷೆ ಸೇರಿಸಿದರೆ ಸಾಕು.

ಫೋನೇ ಬೇಕು ಅಂದರೆ ಕನ್ನಡ ಅಕ್ಷರಗಳೇ ಇರುವ ಕೀಬೋರ್ಡ್ ಹಾಕಿ. ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗಿ ತಿದ್ದುವುದನ್ನು ನಿಲ್ಲಿಸಿ. ಅವರು ಜಾಸ್ತಿ ಬಳಸುವ ಊರಿನ ಪದಗಳನ್ನು ಅದರ ಸ್ವಂತ ಪದಕೋಶಕ್ಕೆ ಸೇರಿಸಿ.

ವಾಸ್ಕೊ, ಗೋವಾ
ನಮ್ಮಮ್ಮ ಮಾತಾಡಿ ಬರೆಸುತ್ತಾರೆ. ಗೂಗಲ್ 2017ರಲ್ಲಿ ಕನ್ನಡಕ್ಕೂ ಈ ಸೌಲಭ್ಯ ತಂದಿತು. ಇದರಿಂದ ಬರಹ ಉದ್ದವಾಯಿತು, ಕಥೆ ಹೇಳುವ ಓಟ ಬಂತು. ಆದರೆ ಪೂರ್ಣವಿರಾಮ ಇಲ್ಲ, ಪ್ಯಾರಾ ಇಲ್ಲ. ನಡುವೆ ಕೊಂಕಣಿ ಮಾತು ಬಂದರೆ ಗುರುತೇ ಸಿಗದಂತೆ ಬರೆದಿರುತ್ತದೆ. ಅದಕ್ಕೇ ಇನ್ನೊಂದು ಫೋನಿನಲ್ಲಿ ಅವರ ದನಿಯನ್ನೂ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಕೇಳುತ್ತಾ ತಿದ್ದುತ್ತೇವೆ. ವಿರಾಮ ಎಲ್ಲಿ ಅಂತ ಅವರ ಉಸಿರೇ ಹೇಳುತ್ತದೆ. ಪಕ್ಕದಲ್ಲಿ ಕೂರಲು ಒಬ್ಬರು ಬೇಕು, ಅಷ್ಟೇ.

ಘಾಟ್ಕೋಪರ್, ಮುಂಬೈ
ಪೆನ್ನು ಒಗ್ಗಿದೆ ಅಂದಮೇಲೆ ಸುಮ್ನೆ ಯಾಕೆ ಬಿಡಿಸಬೇಕು? ಕಾಗದದಲ್ಲೇ ಬರೆಯಲಿ, ನೀವು ಟೈಪ್ ಮಾಡಿಕೊಡಿ. ಅವರು ಬರೆದ ಒಂದು ಅಕ್ಷರವನ್ನೂ ‘ಸರಿ’ ಮಾಡಬೇಡಿ.

ಮಾಟುಂಗಾ, ಮುಂಬೈ
ನಾನು ಸಂಘಗಳ ಸಂಚಿಕೆಗೆ ಪುಟ ಕಟ್ಟಿಕೊಡುವವನು. ನಿಮ್ಮ ಸಂಘದ ಡಿಟಿಪಿಯವರು ‘ನುಡಿ’ ತಂತ್ರಾಂಶದ ಹಳೇ ಫಾಂಟ್ ಬಳಸುತ್ತಾರಾ, ಯುನಿಕೋಡಾ ಅಂತ ಈಗಲೇ ಕೇಳಿಕೊಳ್ಳಿ. ಫೋನಿನಲ್ಲಿ ಬರೆದದ್ದು ಯುನಿಕೋಡ್. ಅಲ್ಲಿ ಒಂದೊಂದು ಅಕ್ಷರಚಿಹ್ನೆಗೂ ಅದರದೇ ಸಂಖ್ಯೆ ಇದೆ. ಹಳೇ ಫಾಂಟಿನಲ್ಲಿ ಅಕ್ಷರದ ತುಂಡುಗಳನ್ನು ಕೂಡಿಸಿ ತೋರಿಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಎಡವಟ್ಟಾಗುತ್ತವೆ. ಊರಿನ ಮಾತಿನಲ್ಲಿ ಅಂಥ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ, ಓದುವವರು ಅದೇ ಆ ಕಡೆಯ ಮಾತು ಅಂದುಕೊಳ್ಳುತ್ತಾರೆ. ಬರಹದ ಜೊತೆ ‘ಧಾರವಾಡದ ಮಾತು, ತಿದ್ದಬೇಡಿ’ ಅಂತ ಚೀಟಿ ಇಡಿ. ಪ್ರೂಫನ್ನು ಪಿಡಿಎಫ್‌ನಲ್ಲಿ ತರಿಸಿಕೊಂಡು ಅಪ್ಪನಿಗೇ ಜೋರಾಗಿ ಓದಲು ಹೇಳಿ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ ವಾಪಸ್ ಕಳಿಸಿ.