ಬ್ರಾನಾ ಅವರ 'ಡೆತ್ ಆನ್ ದಿ ನೈಲ್' ನಿರಾಸೆ ತಂತು, ಅಮ್ಮನಿಗೆ ಯಾವುದನ್ನ ತೋರಿಸಲಿ?

ಪ್ರಶ್ನೆ:
ನಮ್ಮಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು. ಅವರಿಗೆ ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯ್ರೊನ ಪರಿಚಯ ಮಾಡಿಸೋಣ ಅಂತ ಕೆನೆತ್ ಬ್ರಾನಾ ನಿರ್ದೇಶಿಸಿ ನಟಿಸಿದ 2022ರ 'ಡೆತ್ ಆನ್ ದಿ ನೈಲ್' ಮೊದಲು ನಾನೇ ನೋಡಿದೆ. ತೋರಿಸೋಕೆ ಮನಸ್ಸೇ ಬರ್ತಿಲ್ಲ.

ಸ್ಟೀಮರ್, ಮಧುಚಂದ್ರಕ್ಕೆ ಬಂದ ಆಗರ್ಭ ಶ್ರೀಮಂತೆ, ಅವಳ ಬೆನ್ನು ಬಿಡದ ಹಳೆಯ ಗೆಳತಿ. ಇಷ್ಟು ಸಾಲದೇ? ಸಿನಿಮಾ ಶುರುವಾಗೋದು ಮಾತ್ರ 1914ರ ಯುದ್ಧದಲ್ಲಿ, ಕಪ್ಪುಬಿಳುಪಲ್ಲಿ, ಪೊಯ್ರೊ ಮೀಸೆ ಬಿಟ್ಟಿದ್ದು ಮುಖದ ಗಾಯ ಮುಚ್ಚೋಕೆ ಅಂತ ಹೇಳೋದಕ್ಕೆ! ಪುಸ್ತಕದ ಪೊಯ್ರೊಗೆ ಮೀಸೆ ಅಂದ್ರೆ ಬರೀ ಹೆಮ್ಮೆ. ಆ ಹೆಮ್ಮೆ ಕಿತ್ಕೊಂಡು ದುಃಖ ತುಂಬಿದಾರೆ. ಈಜಿಪ್ಟ್ ಅಂತೂ ಕಂಪ್ಯೂಟರ್‌ನಲ್ಲಿ ಬಿಡಿಸಿದ್ದು ಅಂತ ಎದ್ದು ಕಾಣುತ್ತೆ.

1978ರದ್ದು ತೋರಿಸಲಾ, ಡೇವಿಡ್ ಸುಶೆ ಪೊಯ್ರೊ ಆಗಿರೋ 2004ರದ್ದಾ? ಕೊಲೆಗಾರರ ಹೆಸರು ಯಾರೂ ಹಾಕಬೇಡಿ ದಯವಿಟ್ಟು.

ಉತ್ತರ 1:
ಮೇಡಂ, ಮೀಸೆ ಕಥೆ ನನಗೇನೂ ಅಡ್ಡಿ ಅನ್ನಿಸಲಿಲ್ಲ. ಸೋಫಿ ಒಕೊನೆಡೊ ಪಾತ್ರವನ್ನ ಬ್ಲೂಸ್ ಗಾಯಕಿ ಮಾಡಿದ್ದು ಒಳ್ಳೇ ಬದಲಾವಣೆ. ಆದ್ರೆ ಕೊಲೆ ಆಗೋ ಹೊತ್ತಿಗೆ ಅರ್ಧ ಸಿನಿಮಾ ಮುಗಿದಿರುತ್ತೆ, ಅದು ನಿಜ.

ಪ್ರಶ್ನೆ ಕೇಳಿದವರು:
ಸರ್, ತಡ ಆಗೋದು ತಪ್ಪಲ್ಲ, 1937ರ ಕಾದಂಬರಿಯಲ್ಲೂ ತಡವೇ. ನನ್ನ ಬೇಜಾರು ಸುಳಿವುಗಳ ಬಗ್ಗೆ. ಪುಸ್ತಕದಲ್ಲಿ ಸತ್ತವಳ ಕೋಣೆಯಲ್ಲಿ ಎರಡು ನೇಲ್ ಪಾಲಿಶ್ ಬಾಟಲಿ. 'ರೋಸ್' ಅಂತ ಚೀಟಿ ಇರೋದರ ತಳದಲ್ಲಿ ತಿಳಿಗುಲಾಬಿ ಇರಬೇಕಿತ್ತು, ಇರೋದು ಕೆಂಪು ಹನಿ. ಪೊಯ್ರೊ ಮುಚ್ಚಳ ತೆಗೆದು ಮೂಸ್ತಾನೆ. ಅವನ ಕೈಯಲ್ಲಿರೋ ಬಾಟಲಿ ಅದೇ ಕ್ಷಣ ನಮ್ಮ ಕೈಗೂ ಬರುತ್ತೆ. ಆದ್ರೂ ನಮಗೆ ಹೊಳೆಯಲ್ಲ! ಕ್ರಿಸ್ಟಿ ಓದುಗರಿಗೆ ಕೊಡೋ ಮರ್ಯಾದೆ ಅದು. ಹೊಸ ಸಿನಿಮಾದಲ್ಲಿ ಆ ಬಾಟಲಿ ಜಾಗಕ್ಕೆ ಚಿತ್ರ ಬಿಡಿಸೋ ಬಣ್ಣದ ಟ್ಯೂಬ್ ಬಂದಿದೆ. ಉಪಾಯವೇನೋ ಚೆನ್ನಾಗಿದೆ, ಆದ್ರೆ ಅಳು, ಪ್ರೇಮ, ಕಿರುಚಾಟದ ನಡುವೆ ಅದರ ಮೇಲೆ ಗಮನ ನಿಲ್ಲೋಕೇ ಬಿಡಲ್ಲ.

ಉತ್ತರ 2:
1978ರದ್ದೇ ತೋರಿಸಿ. ಪೀಟರ್ ಉಸ್ತಿನೋವ್ ಪೊಯ್ರೊ, ಜೊತೆಗೆ ಅವನ ಗೆಳೆಯ ಕರ್ನಲ್ ರೇಸ್ ಆಗಿ ಡೇವಿಡ್ ನಿವೆನ್. 2022ರಲ್ಲಿ ರೇಸ್‌ನ ತೆಗೆದುಹಾಕಿ ಬೂಕ್ ಅನ್ನೋ ಬೇರೆ ಗೆಳೆಯನ್ನ ತಂದಿದಾರೆ. ಹಳೇದನ್ನ ಈಜಿಪ್ಟ್‌ನಲ್ಲೇ ಶೂಟ್ ಮಾಡಿದ್ರು. ಹೊಸದಕ್ಕೆ ಇಂಗ್ಲೆಂಡ್‌ನ ಲಾಂಗ್‌ಕ್ರಾಸ್ ಸ್ಟುಡಿಯೋದಲ್ಲಿ ಸೆಟ್. ನೀವು ಹೇಳೋ ಮರ್ಯಾದೆಯೂ ಹಳೇದರಲ್ಲಿದೆ: ಪೊಯ್ರೊ ಒಬ್ಬೊಬ್ಬರ ಮೇಲೂ ಅನುಮಾನ ಹೇಳುವಾಗ ಅವರೇ ಕೊಲೆ ಮಾಡೋ ಹಾಗೆ ದೃಶ್ಯ ಬರುತ್ತೆ, ನಾವು ಪ್ರತಿಸಲ ತೂಗಿ ನೋಡಬೇಕು. ಬೆಟ್ಟಿ ಡೇವಿಸ್, ಮ್ಯಾಗಿ ಸ್ಮಿತ್ ಇಬ್ಬರ ಕಿತ್ತಾಟ ಅಮ್ಮನಿಗೆ ಖಂಡಿತ ಹಿಡಿಸುತ್ತೆ.

ಸುಶೆ ಅವರದ್ದನ್ನ ಸ್ವಲ್ಪ ದಿನ ಬಿಟ್ಟು ತೋರಿಸಿ, ಅದರಲ್ಲಿ ಆ ಶ್ರೀಮಂತೆ ಲಿನೆಟ್ ಆಗಿರೋದು ಎಮಿಲಿ ಬ್ಲಂಟ್. ಪೊಯ್ರೊ ಎಲ್ಲರನ್ನೂ ಒಟ್ಟಿಗೆ ಕೂರಿಸೋ ಮುಂಚೆ ಒಂದ್ಸಲ ನಿಲ್ಲಿಸಿ, ಅಮ್ಮನ ಅನುಮಾನ ಯಾರ ಮೇಲೆ ಅಂತ ಕೇಳಿ.